ಸಮಪಾಲಿನ ಮಾತ್ರೆ

ಭಟ್ಟಿ ಆರಿದ ದಿನವೂ ಬೆವರುವವರನ್ನು ನೀವು ಕಂಡಿದ್ದೀರಾ? ಕಂಡಿರುತ್ತೀರಿ. ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು. ಯಾಕೆಂದು ಕೇಳಿರಲಿಕ್ಕಿಲ್ಲ, ಅಷ್ಟೇ. ಈ ಬೇಕರಿಯವರೂ ಬಹಳ ದಿನ ಕೇಳಿರಲಿಲ್ಲ.

ಬೇಕರಿ ಎಂದರೆ ದೊಡ್ಡದೇನಲ್ಲ. ಮುಂದೆ ಗಾಜಿನ ಕಪಾಟಿಟ್ಟ ಅಂಗಡಿ, ಹಿಂದೆ ಮಸಿ ಹಿಡಿದ ಭಟ್ಟಿಕೋಣೆ, ಮೇಲೆ ಮನೆ. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ, ತಮ್ಮ ಭಟ್ಟಿ ನೋಡಿಕೊಳ್ಳುತ್ತಾನೆ. ಹಿಟ್ಟು ಕಲಸುವುದು, ನಾದುವುದು, ಉಂಡೆ ಕಟ್ಟುವುದು, ಬ್ರೆಡ್ಡು ಕತ್ತರಿಸಿ ಪೊಟ್ಟಣ ಕಟ್ಟುವುದು, ಇವೆಲ್ಲ ಅವರಿಬ್ಬರ ಹೆಂಡಂದಿರ ಪಾಲು. ಮನೆಯ ಮಕ್ಕಳು ದೊಡ್ಡ ಓರಗಿತ್ತಿಯನ್ನು ದೊಡ್ಡಮ್ಮ ಎಂದೂ ಚಿಕ್ಕ ಓರಗಿತ್ತಿಯನ್ನು ಚಿಕ್ಕಮ್ಮ ಎಂದೂ ಕರೆದದ್ದೇ ತಡ, ಇಡೀ ಬೀದಿ ಹಾಗೇ ಕರೆಯಿತು. ತಲೆ ನರೆತ ಗಿರಾಕಿಗಳೂ "ಚಿಕ್ಕಮ್ಮ, ಒಂದು ಬ್ರೆಡ್ಡು" ಎನ್ನುತ್ತಾರೆ.

ಎರಡನೇ ಸೊಸೆ ಮನೆಗೆ ಬಂದ ದಿನವೇ ಅತ್ತೆ ಒಂದು ಕಾನೂನು ಮಾಡಿದ್ದರು.

"ಈ ಮನೇಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಲ್ಲ. ಇಬ್ಬರಿಗೂ ಸಮಪಾಲು. ನಾನು ಬದುಕಿರೋ ತನಕ ಇದೇ ಮಾತು."

ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದರು, ಕಾನೂನೂ ಗಟ್ಟಿಯಾಗಿತ್ತು. ಬಟ್ಟೆ ತಂದರೆ ಒಂದೇ ಥಾನಿನಿಂದ ಎರಡು ತುಂಡು. ಹೊದಿಕೆ ತಂದರೆ ಎರಡು. ಚಪ್ಪಲಿ ತಂದರೆ ಎರಡು ಜೊತೆ, ದೊಡ್ಡಮ್ಮನ ಕಾಲಿಗೆ ದೊಡ್ಡ ಅಳತೆ, ಚಿಕ್ಕಮ್ಮನ ಕಾಲಿಗೆ ಚಿಕ್ಕ ಅಳತೆ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ಜನ ಆಡಿಕೊಳ್ಳುವುದುಂಟು. ಇವರು ಜಗಳ ಆಡಲಿಲ್ಲ ಎಂದಲ್ಲ. ಜಗಳವನ್ನೂ ಸಮಪಾಲು ಮಾಡಿಕೊಂಡು, ಸಂಜೆ ಒಂದೇ ಪಾತ್ರೆಯ ಚಹಾ ಬಗ್ಗಿಸಿಕೊಂಡು ಕುಡಿದರು.

ಚಿಕ್ಕಮ್ಮನಿಗೆ ಐವತ್ತು ದಾಟಿ, ಮುಟ್ಟು ನಿಂತು ವರ್ಷ ಕಳೆದಿತ್ತು. ಆಗ ಶುರುವಾಯಿತು ಆ ಸೆಕೆ. ಎದೆಯಿಂದ ಹೊರಟು ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಏರುತ್ತಿತ್ತು. ಮುಖ ಕೆಂಪಗಾಗಿ, ರವಿಕೆ ಒದ್ದೆಯಾಗಿ, ಆಮೇಲೆ ಒಮ್ಮೆಲೇ ಚಳಿ. "ಭಟ್ಟಿ ಝಳ ಕಣ್ರೀ" ಎಂದು ಅವಳು ಗಂಡನ ಮೇಲೆ ಹಾಕಿದಳು. "ಬೆಂಕಿ ಜಾಸ್ತಿ ಮಾಡ್ತೀರಿ ನೀವು."

ಒಂದು ದಿನ ಭಟ್ಟಿಯ ಒಳಗೋಡೆ ಬಿರುಕು ಬಿಟ್ಟಿತು. ಬೆಂಕಿ ಆರಿಸಿ, ಗಾರೆ ಕೆಲಸದವನನ್ನು ಕರೆಸಿ, ಇಟ್ಟಿಗೆ ಕೀಳಿಸಿದರು. ಹೊರಗೆ ಮೈ ಕೊರೆಯುವ ಗಾಳಿ. ಭಟ್ಟಿ ತಣ್ಣಗೆ ಬಾಯಿ ತೆರೆದು ಕೂತಿತ್ತು. ಅದರ ಪಕ್ಕದಲ್ಲೇ ಟ್ರೇ ಉಜ್ಜುತ್ತ ನಿಂತ ಚಿಕ್ಕಮ್ಮನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಗಾರೆಯವನು ಭಟ್ಟಿಯೊಳಗಿಂದ ತಲೆ ಹೊರಗೆ ಹಾಕಿ, "ಅಮ್ಮಾ, ಎಲ್ಲಿ ಮಳೇಲಿ ನೆಂದ್ರಿ?" ಎಂದ.

ಗಂಡ ಅವಳನ್ನೇ ನೋಡಿದ. ಮಾತು ಕಡಿಮೆ ಆ ಮನುಷ್ಯನಿಗೆ. "ಭಟ್ಟಿ ಆರಿದೆ. ನೀನ್ಯಾಕೆ ಉರೀತಿದೀಯ?" ಎಂದ.

ಅವಳಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಸಿಟ್ಟು ಬಂತು. ಆ ದಿನಗಳಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನಿದ್ದೆ ಇಲ್ಲ. ಮರೆವು ಬೇರೆ. ಸಿಹಿ ಬನ್ನಿನ ಹಿಟ್ಟಿಗೆ ಸಕ್ಕರೆ ಬದಲು ಉಪ್ಪು ಸುರಿದು ಬಿಟ್ಟಳು. ಆ ಬನ್ನು ತಿಂದ ಬೀದಿ ಇನ್ನೂ ಅದನ್ನು ಮರೆತಿಲ್ಲ. ಬ್ರೆಡ್ಡು ತೆಳ್ಳಗೆ ಕತ್ತರಿಸಿ ಕೊಡಿ ಎಂದ ಗಿರಾಕಿಯ ಮೇಲೆ ಹರಿಹಾಯ್ದು, ಆಮೇಲೆ ಮೈದಾ ಮೂಟೆಗಳ ಹಿಂದೆ ನಿಂತು ಅತ್ತಳು.

ಅಲ್ಲಿ ಅವಳನ್ನು ಕಂಡದ್ದು ದೊಡ್ಡಮ್ಮ.

"ಅಯ್ಯೋ ಹುಚ್ಚಿ, ಇಷ್ಟಕ್ಕೆ ಅಳ್ತಾರಾ? ನನಗೂ ಹೀಗೇ ಆಗಿತ್ತಲ್ಲೇ. ಮುಟ್ಟು ನಿಂತೋರಿಗೆ ಆಗುತ್ತೆ ಇದು. ಡಾಕ್ಟರು ಮಾತ್ರೆ ಕೊಟ್ರು, ಸೆಕೆ ಗಿಕೆ ಎಲ್ಲ ಮಂಗಮಾಯ. ತಾಳು."

ದೊಡ್ಡಮ್ಮ ಕಪಾಟಿನಿಂದ ತನ್ನ ಮಾತ್ರೆಯ ಪಟ್ಟಿ ತಂದಳು. ಯೀಸ್ಟಿನ ಪೊಟ್ಟಣ ಕತ್ತರಿಸುವ ಕತ್ತರಿ ಎತ್ತಿಕೊಂಡು ಪಟ್ಟಿಯನ್ನು ನಟ್ಟನಡುವೆ ಕಚಕ್ಕನೆ ಕತ್ತರಿಸಿದಳು.

"ನನಗೆ ಅರ್ಧ, ನಿನಗೆ ಅರ್ಧ. ಮುಗಿದ ಮೇಲೆ ಇನ್ನೂ ತರೋಣ. ಬಾಯಿ ತೆಗಿ."

"ಡಾಕ್ಟರನ್ನ ಕೇಳಬೇಡ್ವಾ ಅಕ್ಕಾ?"

"ಕೇಳೋದೇನು? ನನಗೆ ಹಿಡಿಸಿದ್ದು ನಿನಗೆ ಹಿಡಿಸಲ್ವಾ? ಒಂದೇ ಮನೆ ಅನ್ನ ತಿಂದ ಮೈ."

ಪ್ರೀತಿ ಎಂದರೆ ಇದೇ. ಇದರಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಔಷಧಿಯಂಗಡಿಯವನೂ ಹಳೆಯ ಗಿರಾಕಿ ಎಂದು ಚೀಟಿ ಕೇಳದೆ ಪಟ್ಟಿಯ ಮೇಲೆ ಪಟ್ಟಿ ಕೊಟ್ಟ. ಕೆಲವೇ ವಾರಗಳಲ್ಲಿ ಚಿಕ್ಕಮ್ಮನ ಸೆಕೆ ಇಳಿಯಿತು, ನಿದ್ದೆ ಬಂತು. ಬೆಳಿಗ್ಗೆ ಹಿಟ್ಟಿನ ತೊಟ್ಟಿಯ ಮುಂದೆ ನಿಂತು ಅವಳು ಗುನುಗುವುದು ಮತ್ತೆ ಕೇಳಿಸಿತು. ಹೋದ ಜೀವ ಬಂದ ಹಾಗಾಯಿತು ಅವಳಿಗೆ. ಅಕ್ಕನ ಋಣ ಯಾವ ಜನ್ಮದಲ್ಲಿ ತೀರಿಸಲಿ ಎಂದು ದಿನಾ ಅಂದುಕೊಳ್ಳುತ್ತಿದ್ದಳು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಂಡಿತು.

ಬೇರೆ ಯಾರೇ ಆಗಿದ್ದರೂ ಹೆದರುತ್ತಿದ್ದರು. ಚಿಕ್ಕಮ್ಮ ಹೆದರಲಿಲ್ಲ, ನಾಚಿದಳು. ಹೋದದ್ದು ವಾಪಸ್ಸು ಬಂತಲ್ಲ! ಮಾತ್ರೆ ಅಷ್ಟು ಬಲವಾದದ್ದು, ವಯಸ್ಸನ್ನೇ ಹಿಂದಕ್ಕೆ ತಳ್ಳಿದೆ ಎಂದುಕೊಂಡಳು. ಕನ್ನಡಿಯಲ್ಲಿ ಮುಖ ನೋಡಿಕೊಂಡು ಒಂದಿಷ್ಟು ಬೀಗಿದಳು ಕೂಡ. ಈಗ ಅದನ್ನು ಹೇಳುವಾಗ ಅವಳೇ ನಗುತ್ತಾಳೆ, ಆದರೆ ಆಗ ಅದು ನಗುವ ಮಾತಾಗಿರಲಿಲ್ಲ. ರಕ್ತ ಮತ್ತೆ ಬಂತು. ಹೇಳಿದ ಹೊತ್ತಿಗೆ ಬರುವ ಮುಟ್ಟಿನಂತಲ್ಲ, ಬೇಕೆಂದಾಗ ಬಂದು ಬೇಕಾದಷ್ಟು ದಿನ ಉಳಿಯುವ ನೆಂಟನಂತೆ. ಒಳಗೊಳಗೇ ಭಯ ಹುಟ್ಟಿತು. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಅಕ್ಕ ಮಾತ್ರೆ ನಿಲ್ಲಿಸುತ್ತಾಳೆ. ಮಾತ್ರೆ ನಿಂತರೆ ಆ ಸೆಕೆ, ಆ ಅಳು, ಆ ಉಪ್ಪಿನ ಬನ್ನು ಎಲ್ಲ ಮತ್ತೆ. ಅದು ಬೇಡವೇ ಬೇಡ ಎಂದು ಅವಳು ರಕ್ತವನ್ನು ಬಚ್ಚಿಟ್ಟಳು.

ಎದುರುಮನೆಯ ಸಿಸ್ಟರು ಪಕ್ಕದ ಬೀದಿಯ ಆರೋಗ್ಯ ಕೇಂದ್ರದಲ್ಲಿ ನರ್ಸು. ಕೆಲಸ ಮುಗಿಸಿ ಬರುವಾಗ ದಿನಾ ಬ್ರೆಡ್ಡು ಒಯ್ಯುತ್ತಾರೆ. ಆ ಸಂಜೆ ಗಾಜಿನ ಕಪಾಟಿನ ಹಿಂದೆ ನಿಂತ ಚಿಕ್ಕಮ್ಮನನ್ನು ನೋಡಿ ತಡೆದರು.

"ಏನು ಚಿಕ್ಕಮ್ಮ, ಮುಖ ಇಷ್ಟು ಬಿಳಿಚಿಕೊಂಡಿದೆ?"

"ಮೈದಾ ಸಿಸ್ಟರ್. ಇಡೀ ದಿನ ಹಿಟ್ಟಲ್ಲೇ ಇರ್ತೀನಲ್ಲ, ಮೆತ್ತಿರುತ್ತೆ."

ಸಿಸ್ಟರು ಕೈ ಚಾಚಿ ಅವಳ ಕೆನ್ನೆಯ ಮೇಲೆ ಬೆರಳು ಎಳೆದು ನೋಡಿದರು. ಬೆರಳಿಗೆ ಹಿಟ್ಟು ಹತ್ತಲಿಲ್ಲ.

"ಒಳಗೆ ಹೋಗೋಣ ಬನ್ನಿ" ಎಂದರು.

ಭಟ್ಟಿಕೋಣೆಯ ಸ್ಟೂಲಿನ ಮೇಲೆ ಕೂತ ಮೇಲೆ ಕಟ್ಟೆ ಒಡೆಯಿತು. ಚಿಕ್ಕಮ್ಮ ಎಲ್ಲ ಹೇಳಿದಳು. ದೊಡ್ಡಮ್ಮನೂ ಅತ್ತೆಯೂ ಅಲ್ಲೇ ಇದ್ದರು. ಸಿಸ್ಟರು ಯೀಸ್ಟಿನ ಡಬ್ಬಿಯ ಪಕ್ಕದಲ್ಲಿದ್ದ ಅರ್ಧ ಪಟ್ಟಿಯನ್ನು ಎತ್ತಿ ಹೆಸರು ಓದಿದರು.

"ಇದು ಯಾರದು?"

"ನಂದು" ಎಂದಳು ದೊಡ್ಡಮ್ಮ. "ನಮ್ಮಿಬ್ಬರದೂ."

"ಎಷ್ಟು ಕಾಲದಿಂದ ನುಂಗ್ತಿದ್ದೀರಿ ಚಿಕ್ಕಮ್ಮ?"

"ಭಟ್ಟಿ ರಿಪೇರಿ ಆದಾಗಿಂದ."

ಸಿಸ್ಟರು ಸಿಟ್ಟಾಗಲಿಲ್ಲ. ಬೈದಿದ್ದರೆ ಚಿಕ್ಕಮ್ಮ ಜಗಳಕ್ಕೆ ನಿಲ್ಲುತ್ತಿದ್ದಳು. ಮೆಲ್ಲಗೆ ಹೇಳಿದ್ದರಿಂದ ಕೇಳಿಸಿಕೊಂಡಳು.

"ಮುಟ್ಟು ನಿಂತು ವರ್ಷ ಆದ ಮೇಲೆ ರಕ್ತ ಬಂದ್ರೆ, ಒಂದು ಹನಿಯಾದ್ರೂ ಸರಿ, ಡಾಕ್ಟರಿಗೆ ತೋರಿಸ್ಬೇಕು. ಹೆಚ್ಚಿನ ಸಲ ಸಣ್ಣ ಕಾರಣನೇ ಇರುತ್ತೆ. ಆದ್ರೆ ಕೆಲವು ಸಲ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತು ಅದೇ. ನಾಳೆ ಬೆಳಿಗ್ಗೆನೇ ಹೋಗೋಣ."

"ಕ್ಯಾನ್ಸರಾ?" ಚಿಕ್ಕಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು. "ಮಾತ್ರೆಯಿಂದ ಅಂತೂ ಅಲ್ಲ ಸಿಸ್ಟರ್. ಅಕ್ಕ ಎಷ್ಟು ವರ್ಷದಿಂದ ಇದನ್ನೇ ನುಂಗ್ತಾ ಇದ್ದಾಳೆ, ಗುಂಡುಕಲ್ಲಿನ ಹಾಗಿದ್ದಾಳೆ. ಅವಳಿಗೆ ಆಗದ್ದು ನನಗ್ಯಾಕೆ ಆಗುತ್ತೆ?"

"ದೊಡ್ಡಮ್ಮನಿಗೆ ಗರ್ಭಕೋಶ ಇದೆಯಾ?"

ಇಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಗಡ್ಡೆ ಬೆಳೆದು ಆಪರೇಷನ್ ಮಾಡಿ ತೆಗೆದಾಗ ಆಸ್ಪತ್ರೆಯ ಮಂಚದ ಪಕ್ಕ ಕೂತು ಗಂಜಿ ಕುಡಿಸಿದವಳು, ತಲೆ ಬಾಚಿದವಳು ಚಿಕ್ಕಮ್ಮನೇ. ಗೊತ್ತಿದ್ದೂ ಆ ಆಪರೇಷನ್ನಿಗೂ ಈ ಮಾತ್ರೆಗೂ ನಂಟಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಚಪ್ಪಲಿ ತರುವಾಗ ಇಬ್ಬರಿಗೂ ಒಂದೇ ಅಳತೆ ತರ್ತೀರಾ?" ಸಿಸ್ಟರು ಕೇಳಿದರು. "ಇಲ್ಲ ಅಲ್ವಾ? ಮಾತ್ರೆಗೂ ಅಳತೆ ಇದೆ."

ಮರುದಿನ ಚಿಕ್ಕಮ್ಮ, ಅವಳ ಗಂಡ, ದೊಡ್ಡಮ್ಮ ಮೂವರೂ ಸಿಸ್ಟರ ಜೊತೆ ಆರೋಗ್ಯ ಕೇಂದ್ರಕ್ಕೆ ಹೊರಟರು. ಅಲ್ಲಿನ ಡಾಕ್ಟರಮ್ಮ ಮಾತ್ರೆಯನ್ನು ಅಂದೇ ನಿಲ್ಲಿಸಿದರು. ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಪದರ ಇರಬೇಕಾದದ್ದಕ್ಕಿಂತ ದಪ್ಪಗಿತ್ತು. ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವಲ್ಪ ನೋವಾಯಿತು, ಆದರೆ ಚಿಕ್ಕಮ್ಮ ಹೆದರಿದಷ್ಟಲ್ಲ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

"ಹೆಂಗಸರ ಮೈಯಲ್ಲಿ ಎರಡು ಹಾರ್ಮೋನು ಜೋಡಿಯಾಗಿ ಕೆಲಸ ಮಾಡ್ತವೆ. ಈಸ್ಟ್ರೋಜೆನ್ ಗರ್ಭಕೋಶದ ಒಳಪದರನ ಬೆಳೆಸುತ್ತೆ. ಪ್ರೊಜೆಸ್ಟರಾನ್ 'ಬೆಳೆದದ್ದು ಸಾಕು' ಅಂತ ಹದ್ದುಬಸ್ತಿನಲ್ಲಿ ಇಡುತ್ತೆ. ಮುಟ್ಟು ನಿಲ್ಲೋ ವಯಸ್ಸಲ್ಲಿ ಎರಡೂ ಕಮ್ಮಿಯಾಗ್ತವೆ. ಈಸ್ಟ್ರೋಜೆನ್ ಇಳಿದದ್ದಕ್ಕೇ ನಿಮಗೆ ಆ ಸೆಕೆ, ಆ ಬೆವರು. ದೊಡ್ಡಮ್ಮನ ಮಾತ್ರೆಯಲ್ಲಿ ಇರೋದು ಈಸ್ಟ್ರೋಜೆನ್ ಒಂದೇ. ಅವರಿಗೆ ಗರ್ಭಕೋಶ ಇಲ್ಲ, ಹಾಗಾಗಿ ಬೆಳೆಯೋಕೆ ಒಳಪದರವೂ ಇಲ್ಲ. ಅದೊಂದೇ ಸಾಕು. ನಿಮಗೆ ಗರ್ಭಕೋಶ ಇದೆ. ನೀವು ಬೆಳೆಸೋದನ್ನ ಮಾತ್ರ ತಗೊಂಡ್ರಿ, ತಡೆಯೋದನ್ನ ತಗೊಳ್ಳಲೇ ಇಲ್ಲ."

ಚಿಕ್ಕಮ್ಮನ ಗಂಡ ಅಷ್ಟು ಹೊತ್ತೂ ನೆಲ ನೋಡುತ್ತ ಕೂತಿದ್ದ. ಈಗ ತಲೆ ಎತ್ತಿದ.

"ಅಂದ್ರೆ ಗುದ್ದೋರಿಲ್ಲದ ಹಿಟ್ಟು" ಎಂದ.

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಚಿಕ್ಕಮ್ಮನಿಗೆ ತಿಳಿಯಿತು. ಬೇಕರಿಯಲ್ಲಿ ಅದು ಅವಳದೇ ಕೆಲಸ. ಯೀಸ್ಟ್ ಹಾಕಿ ಮುಚ್ಚಿಟ್ಟ ಹಿಟ್ಟು ಉಬ್ಬುತ್ತದೆ. ಉಬ್ಬಿದ ಮೇಲೆ ಮುಷ್ಟಿಯಿಂದ ಗುದ್ದಿ ಗಾಳಿ ಇಳಿಸಬೇಕು. ಮರೆತು ಕೂತರೆ ಹಿಟ್ಟು ತೊಟ್ಟಿ ಮೀರಿ, ಅಂಚು ದಾಟಿ, ಕೆಳಗೆ ಇಳಿಯುತ್ತದೆ, ಹುಳಿಯುತ್ತದೆ. ಯೀಸ್ಟ್ ಕೆಟ್ಟದ್ದೆಂದಲ್ಲ. ಅದಿಲ್ಲದೆ ಬ್ರೆಡ್ಡೇ ಇಲ್ಲ. ಆದರೆ ಗುದ್ದುವ ಕೈಯೊಂದು ಇರಲೇಬೇಕು.

ಗಂಡ ಅದನ್ನು ತೊದಲುತ್ತ ವಿವರಿಸಿದಾಗ ಡಾಕ್ಟರಮ್ಮ ನಕ್ಕು, "ಸರಿಯಾಗಿ ಹೇಳಿದ್ರಿ" ಎಂದರು.

ಪರೀಕ್ಷೆಯ ಉತ್ತರ ಬರುವವರೆಗಿನ ದಿನಗಳನ್ನು ಹೇಗೆ ಕಳೆದರೋ ಅವರಿಗೇ ಗೊತ್ತು. ದೊಡ್ಡಮ್ಮ ಊಟ ಬಿಟ್ಟಳು. ಕತ್ತರಿಯನ್ನು ಎಲ್ಲೋ ಅಟ್ಟದ ಮೇಲೆ ಎಸೆದುಬಿಟ್ಟಳು. ಯೀಸ್ಟಿನ ಪೊಟ್ಟಣಗಳನ್ನು ಹಲ್ಲಿನಿಂದ ಹರಿಯುತ್ತಿದ್ದಳು.

"ಕೈಯಾರೆ ನಿನಗೆ ವಿಷ ಹಾಕಿದೆನಲ್ಲೇ" ಎಂದು ಒಂದು ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಚಿಕ್ಕಮ್ಮನಿಗೆ ತನ್ನ ಭಯವೇ ಬೆಟ್ಟದಷ್ಟಿತ್ತು. ಆದರೂ ಅಕ್ಕನ ಪಕ್ಕ ಕೂತು ಕೈ ಎಳೆದಳು.

"ಅಕ್ಕಾ, ಮೈದಾ ಮೂಟೆ ಹಿಂದೆ ನಾನು ಅಳ್ತಿದ್ದಾಗ ಹುಡುಕಿಕೊಂಡು ಬಂದೋಳು ಯಾರು? ನೀನೊಬ್ಬಳೇ. ತಪ್ಪು ಮಾತ್ರೆ ಕೊಟ್ಟೆ, ಹೌದು. ಕೇಳದೆ ನುಂಗಿದ್ದು ನಾನು. ರಕ್ತ ಕಂಡ್ರೂ ಬಾಯಿ ಮುಚ್ಚಿಕೊಂಡಿದ್ದು ನಾನು. ತಪ್ಪಲ್ಲೂ ಸಮಪಾಲು ಮಾಡ್ಕೊಳ್ಳೋಣ. ಎದ್ದೇಳು, ಎರಡು ತುತ್ತು ತಿನ್ನು."

ಇಬ್ಬರೂ ಅತ್ತರು, ಇಬ್ಬರೂ ಉಂಡರು.

ಉತ್ತರ ಬಂತು. ಒಳಪದರ ಅತಿಯಾಗಿ ಬೆಳೆದಿದೆ, ಆದರೆ ಕ್ಯಾನ್ಸರ್ ಇಲ್ಲ.

"ಹೀಗೇ ಬಿಟ್ಟಿದ್ರೆ ಮುಂದೆ ಕ್ಯಾನ್ಸರಿಗೆ ತಿರುಗೋ ಸಾಧ್ಯತೆ ಇತ್ತು" ಎಂದರು ಡಾಕ್ಟರಮ್ಮ. "ಈಗ ಔಷಧಿಯಲ್ಲೇ ವಾಸಿ ಮಾಡಬಹುದು. ಪ್ರೊಜೆಸ್ಟೋಜೆನ್ ಮಾತ್ರೆ ಕೊಡ್ತೀನಿ. ಇದು ಪ್ರೊಜೆಸ್ಟರಾನ್ ಕೆಲಸ ಮಾಡೋ, ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನು."

ಚಿಕ್ಕಮ್ಮನ ಜೀವ ಮರಳಿತು. ಜೀವದ ಜೊತೆಗೆ ವಾದ ಮಾಡುವ ಅವಳ ಹಳೆಯ ಚಾಳಿಯೂ ಮರಳಿತು.

"ಹಾರ್ಮೋನಿಂದ ಆದದ್ದಕ್ಕೆ ಮತ್ತೆ ಹಾರ್ಮೋನೇ? ಬೆಂಕಿ ಆರಿಸೋಕೆ ಸೀಮೆಎಣ್ಣೆ ಸುರಿದ ಹಾಗಾಗಲ್ವಾ ಡಾಕ್ಟ್ರೇ? ಅದೂ ಕೃತಕ ಅಂತೀರಿ."

"ಕೇಳಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ. "ಮೈಯಲ್ಲಿ ತಯಾರಾಗೋ ಪ್ರೊಜೆಸ್ಟರಾನನ್ನ ಹಾಗೇ ಮಾತ್ರೆ ಮಾಡಿ ನುಂಗಿದ್ರೆ ಹೊಟ್ಟೆ, ಲಿವರು ದಾಟೋ ಹೊತ್ತಿಗೆ ಬಹುಪಾಲು ಕರಗಿ ಹೋಗುತ್ತೆ. ಅದಕ್ಕೇ ಅದರ ರಚನೆನ ಸ್ವಲ್ಪ ಬದಲಾಯಿಸಿ, ನುಂಗಿದ್ರೂ ಉಳಿದು ಕೆಲಸ ಮಾಡೋ ಹಾಗೆ ಮಾಡಿದ್ದಾರೆ. ಇದೇ ಜಾತಿಯ ಔಷಧಿನ ಅತಿಯಾದ ಮುಟ್ಟಿಗೆ ಕೊಡ್ತೀವಿ, ಮಕ್ಕಳಾಗದ ಹಾಗೆ ತಡೆಯೋ ಮಾತ್ರೆಯಲ್ಲೂ ಇರುತ್ತೆ. ಮಾತ್ರೆ ಬೇಡ ಅನ್ನೋರಿಗೆ ಗರ್ಭಕೋಶದೊಳಗೆ ಇಡೋ ಪುಟ್ಟ ಸಾಧನದಲ್ಲೂ ಬರುತ್ತೆ. ನಿಮಗೆ ಬೇಕಿದ್ದ ಗುದ್ದೋ ಕೈ ಇದೇ."

"ತೊಂದರೆ ಏನೂ ಇಲ್ವಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ಕೆಲವರಿಗೆ ಹೊಟ್ಟೆ ಉಬ್ಬರ, ಸ್ತನಗಳಲ್ಲಿ ನೋವು, ಮನಸ್ಸು ಮಂಕು. ಹಾಗಾದ್ರೆ ಬಂದು ಹೇಳಿ, ಬೇರೆ ದಾರಿ ನೋಡೋಣ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ."

ಹೇಳಿದ ಹಾಗೆಯೇ ಆಯಿತು. ಹೊಟ್ಟೆ ಉಬ್ಬರಿಸಿತು, ಮನಸ್ಸು ಮಂಕಾಯಿತು. ಮೊದಲಿನ ಚಿಕ್ಕಮ್ಮನಾಗಿದ್ದರೆ ಮಾತ್ರೆಯನ್ನು ಭಟ್ಟಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದಳು. ಈ ಸಲ ಕಾಲೆಳೆಯುತ್ತ ಆದರೂ ಡಾಕ್ಟರಮ್ಮನ ಬಳಿ ಹೋದಳು. ಅವರು ಅದೇ ಗುಂಪಿನ ಬೇರೊಂದು ಔಷಧಿ ಬರೆದುಕೊಟ್ಟರು. ಅದು ಮೈಗೆ ಒಗ್ಗಿತು. ಸೆಕೆ ಮತ್ತೆ ಬಂದಿತ್ತು, ಆದರೆ ಮೊದಲಿನಷ್ಟು ಕಾಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈಗ ಮನೆಯವರೆಲ್ಲರಿಗೂ ಅದು ಏನೆಂದು ಗೊತ್ತಿತ್ತು. ಅವಳ ಮುಖ ಕೆಂಪಾದರೆ ಗಂಡ ಏನೂ ಹೇಳದೆ ಹಿಂಬಾಗಿಲು ತೆರೆದಿಟ್ಟು ತಾನು ಹಿಟ್ಟು ಗುದ್ದಲು ನಿಲ್ಲುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಹಿಟ್ಟಿನ ತೊಟ್ಟಿಗೆ ಕೈ ಹಾಕಿದ್ದು ಅದೇ ಮೊದಲು. ಗುದ್ದುವುದು ಅವನಿಗೆ ಬರುತ್ತಿರಲಿಲ್ಲ, ಆದರೂ ಅವಳಿಗೆ ಕಣ್ಣು ತುಂಬಿ ಬರುತ್ತಿತ್ತು.

ಅಂಥ ಒಂದು ಬೆಳಿಗ್ಗೆ ತೆರೆದ ಹಿಂಬಾಗಿಲ ಬಳಿ ಗಾಳಿಗೆ ಮುಖವೊಡ್ಡಿ ಚಿಕ್ಕಮ್ಮ ನಿಂತಿದ್ದಳು. ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ನಾನೂ ಇಲ್ಲೇ ನಿಲ್ತಿದ್ದೆ" ಎಂದರು.

"ಯಾವಾಗ ಅತ್ತೆ?"

"ನಿನ್ನ ವಯಸ್ಸಲ್ಲಿ. ಚಳಿಗಾಲದಲ್ಲಿ ಬಾಗಿಲು ತೆಗೆದು ನಿಲ್ತಿದ್ದೆ. ನಿಮ್ಮ ಮಾವ ಹುಚ್ಚು ಹಿಡಿದಿದೆ ಅಂದ್ರು. ನಾನೂ ಹೌದೇನೋ ಅಂದ್ಕೊಂಡೆ. ಒಬ್ಬರೂ ಕೇಳಲಿಲ್ಲ ಕಣೇ, ನಾನೂ ಹೇಳಲಿಲ್ಲ." ಅತ್ತೆ ಸೆರಗಿನಿಂದ ಸೊಸೆಯ ಹಣೆಯ ಬೆವರು ಒರೆಸಿದರು. "ನಿನ್ನ ಹತ್ರ ಕೇಳೋರು ಇದ್ರು. ದೇವರು ದೊಡ್ಡೋನು."

ಗಡಸು ಮಾತಿನ ಅತ್ತೆ ತನ್ನ ಬಗ್ಗೆ ಅಷ್ಟು ಹೇಳಿಕೊಂಡದ್ದನ್ನು ಚಿಕ್ಕಮ್ಮ ಎಂದೂ ಕೇಳಿರಲಿಲ್ಲ. ಅವಳು ಅತ್ತೆಯ ಕೈ ಹಿಡಿದುಕೊಂಡಳು. ಒಳಗೆ ಬ್ರೆಡ್ಡು ಕಂದುಬಣ್ಣಕ್ಕೆ ತಿರುಗಿ ಘಮ್ಮೆನ್ನುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.

ಔಷಧಿಯ ಅವಧಿ ಮುಗಿದು ಮತ್ತೆ ಪರೀಕ್ಷೆ ಮಾಡಿದರು. ಒಳಪದರ ತೆಳುವಾಗಿತ್ತು, ಸರಿಯಾಗಿತ್ತು. ಡಾಕ್ಟರಮ್ಮ ಅದನ್ನು ಹೇಳಿದ್ದೇ ತಡ, ಚಿಕ್ಕಮ್ಮ ಎದ್ದು ಹೊರಬಂದಳು. ಹೊರಗೆ ಕಾಯುತ್ತಿದ್ದ ಸಿಸ್ಟರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನೀವು ಅವತ್ತು ಕೆನ್ನೆ ಮುಟ್ಟಿ ನೋಡದೆ ಹೋಗಿದ್ರೆ ನಾನು ಮೈದಾ ಅಂತಲೇ ಹೇಳಿಕೊಂಡು ಹೋಗ್ತಿದ್ದೆ ಸಿಸ್ಟರ್. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಬ್ರೆಡ್ಡು ತಗೊಳ್ಳೋಕೆ ಬಂದಿದ್ದೆ ಚಿಕ್ಕಮ್ಮ, ಅಷ್ಟೇ" ಎಂದು ಸಿಸ್ಟರು ನಕ್ಕರು. ಅವರ ಕಣ್ಣೂ ಒದ್ದೆಯಾಗಿತ್ತು.

ಸೆಕೆಗೆ ಏನು ಮಾಡುವುದು ಎಂಬ ಮಾತು ಬಂತು. ಡಾಕ್ಟರಮ್ಮ ಚಿಕ್ಕಮ್ಮನ ಸ್ತನ ಪರೀಕ್ಷೆ ಮಾಡಿಸಿದರು. ರಕ್ತ ಹೆಪ್ಪುಗಟ್ಟುವ ತೊಂದರೆ, ಲಿವರಿನ ಕಾಯಿಲೆ, ಸ್ತನದ ಕ್ಯಾನ್ಸರ್ ಹಿಂದೆ ಇತ್ತೇ ಎಂದು ಕೇಳಿದರು. ಇದ್ದವರಿಗೆ ಸಾಮಾನ್ಯವಾಗಿ ಸೆಕೆಗೆ ಹಾರ್ಮೋನು ಚಿಕಿತ್ಸೆ ಕೊಡುವುದಿಲ್ಲ, ಅವರಿಗೆ ಬೇರೆ ಔಷಧಿಗಳಿವೆ ಎಂದರು. ಬಹಳ ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ಗಂಡನ ಜೊತೆ, ಅಕ್ಕನ ಜೊತೆ ಮಾತಾಡಿ, ಬೇಕು ಎಂದಳು. ಈ ಸಲ ಅವಳಿಗೆ ಸಿಕ್ಕಿದ್ದು ಜೋಡಿ ಚಿಕಿತ್ಸೆ. ಬೆಳೆಸುವ ಈಸ್ಟ್ರೋಜೆನ್, ಸಾಕೆನ್ನುವ ಪ್ರೊಜೆಸ್ಟೋಜೆನ್, ಎರಡೂ ಕಡಿಮೆ ಪ್ರಮಾಣದಲ್ಲಿ, ಪ್ರತಿ ವರ್ಷ ಬಂದು ತೋರಿಸಬೇಕು ಎಂಬ ಷರತ್ತಿನ ಮೇಲೆ. ಮೊದಮೊದಲು ಒಂದೆರಡು ಹನಿ ರಕ್ತ ಕಂಡರೂ ಬಚ್ಚಿಡದೆ ಹೇಳಬೇಕು ಎಂದೂ ಮಾತು ತೆಗೆದುಕೊಂಡರು.

ಮಾತ್ರೆ ಮನೆಗೆ ಬಂದ ದಿನ ಅತ್ತೆ ಇಬ್ಬರು ಸೊಸೆಯರನ್ನೂ ಕರೆದು ಎದುರು ನಿಲ್ಲಿಸಿಕೊಂಡರು.

"ನನ್ನ ಕಾನೂನಿಗೆ ಒಂದು ತಿದ್ದುಪಡಿ" ಎಂದರು. "ಬಟ್ಟೆ ಸಮಪಾಲು, ಬ್ರೆಡ್ಡು ಸಮಪಾಲು, ಬೈಗುಳವೂ ಸಮಪಾಲು. ಮಾತ್ರೆ ಮಾತ್ರ ಅವರವರದ್ದು. ಇದನ್ನ ಮುರಿದೋರಿಗೆ ನಾನಿದ್ದೀನಿ."

ಅಟ್ಟದ ಕತ್ತರಿ ಕೆಳಗಿಳಿಯಿತು. ಈಗ ಅದಕ್ಕೆ ಯೀಸ್ಟಿನ ಪೊಟ್ಟಣ ಬಿಟ್ಟು ಬೇರೆ ಕೆಲಸವಿಲ್ಲ. ದೊಡ್ಡಮ್ಮನ ಮಾತ್ರೆ ದೊಡ್ಡಮ್ಮನ ಡಬ್ಬಿಯಲ್ಲಿ, ಚಿಕ್ಕಮ್ಮನದು ಚಿಕ್ಕಮ್ಮನ ಡಬ್ಬಿಯಲ್ಲಿ. ಬೆಳಿಗ್ಗೆ ಮೊದಲ ಟ್ರೇ ಭಟ್ಟಿಗೆ ಹೋದ ಮೇಲೆ ಇಬ್ಬರೂ ಸ್ಟೂಲಿನ ಮೇಲೆ ಕೂತು ತಮ್ಮ ತಮ್ಮ ಮಾತ್ರೆ ಬಿಡಿಸಿಕೊಳ್ಳುತ್ತಾರೆ. ದೊಡ್ಡಮ್ಮ ಒಂದು ಲೋಟ ನೀರು ತರುತ್ತಾಳೆ. ಅರ್ಧ ಅವಳು ಕುಡಿದು ಉಳಿದರ್ಧ ತಂಗಿಗೆ ಕೊಡುತ್ತಾಳೆ. ನೀರು ಈಗಲೂ ಸಮಪಾಲೇ.

ಅಕ್ಕಂದಿರೇ, ತಾಯಂದಿರೇ, ಈ ಕಥೆ ಓದುತ್ತಿರುವ ಅಣ್ಣತಮ್ಮಂದಿರೇ, ಮುಟ್ಟು ನಿಲ್ಲುವ ವಯಸ್ಸಿನ ಸೆಕೆ, ಬೆವರು, ನಿದ್ದೆಗೇಡು ಹುಚ್ಚಲ್ಲ, ನಖರಾ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಆದರೆ ಒಬ್ಬರ ಹಾರ್ಮೋನು ಮಾತ್ರೆ ಇನ್ನೊಬ್ಬರಿಗೆ ಬೇಡ, ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ. ಗರ್ಭಕೋಶ ಇರುವವರು ಈಸ್ಟ್ರೋಜೆನ್ ತೆಗೆದುಕೊಳ್ಳುವುದಾದರೆ ಅದರ ಜೊತೆಗೆ ಪ್ರೊಜೆಸ್ಟೋಜೆನ್ ಇದೆಯೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಚಿಕ್ಕವರಾಗುವುದಿಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಯೌವನ ಮರಳಿತು ಎಂದು ಬೀಗಬೇಡಿ, ನಾಚಿ ಬಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ನಡೆಯಿರಿ.

ನಿಮ್ಮ ಮನೆಯಲ್ಲಿ ಯಾರಾದರೂ ಚಳಿಯಲ್ಲಿ ಬಾಗಿಲು ತೆರೆದು ನಿಂತಿದ್ದರೆ ಇವತ್ತೇ ಪಕ್ಕದಲ್ಲಿ ಹೋಗಿ ನಿಂತು, ಏನಾಗುತ್ತಿದೆ ಎಂದು ಕೇಳಿ. ಚಿಕ್ಕಮ್ಮನನ್ನು ಉಳಿಸಿದ್ದು ಅಂಥ ಒಂದು ಪ್ರಶ್ನೆಯೇ.